ಬಣ್ಣ ಬಾರದ ನೀರಿಗೆ ನಾನು ಬರೆದ ಅಂಕಿ

ಕುಡಿಯುವ ನೀರಿನ ಗುಣಮಟ್ಟದ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ರೇಣುಕವ್ವ ಎಂಬ ಇಪ್ಪತ್ತಾರು ವರ್ಷದ ಗರ್ಭಿಣಿ ತನ್ನ ಮನೆಯ ಕೊಳಕಿನಿಂದಲೇ ಸತ್ತಳು ಎಂದು ನಿಮ್ಮ ಕಚೇರಿ ಬರೆದಿದೆ. ಇಷ್ಟು ಒರಟಾಗಿ ಬರೆದಿಲ್ಲ, ಒಪ್ಪುತ್ತೇನೆ. ವರದಿಯ ನಾಲ್ಕನೇ ಪುಟದ ಮಾತು ಬಹಳ ಸಭ್ಯವಾಗಿದೆ: "ವಲಸೆ ಕಾರ್ಮಿಕರ ವಾಸಸ್ಥಳದ ಅಶುಚಿತ್ವವೇ ಕಾಮಾಲೆ ಹರಡಲು ಸಂಭವನೀಯ ಕಾರಣ. ಸರಬರಾಜಾದ ನೀರು ಪರೀಕ್ಷೆಯಲ್ಲಿ ತೃಪ್ತಿಕರವಾಗಿತ್ತು." ನೀರು ತೃಪ್ತಿಕರವಾಗಿತ್ತು ಎನ್ನುವುದಕ್ಕೆ ಸಾಕ್ಷಿಯಾಗಿ ರಿಜಿಸ್ಟರಿನ ಒಂದು ಪುಟದ ನಕಲನ್ನು ಲಗತ್ತಿಸಿದ್ದೀರಿ. ಆ ಪುಟದ ಕೈಬರಹ ನನ್ನದು. ಸಹಿ ನನ್ನದು. ಅಂಕಿ ಸುಳ್ಳು. ಸತ್ತವಳ ಮೇಲೆ ಹೊರಿಸಿದ ಆರೋಪಕ್ಕೆ ನನ್ನ ಕೈಬರಹವೇ ಆಧಾರವಾಗಿರುವಾಗ ನಾನು ಸುಮ್ಮನಿರುವುದು ಹೇಗೆ?

ವರದಿ ಬಂದ ಅಂಚೆಯಲ್ಲೇ ನಿಮ್ಮ ಸುತ್ತೋಲೆಯೂ ಬಂತು. ವಿಷಯ: "ನೀರು ಪರೀಕ್ಷಾ ಮೀಟರುಗಳ ಸುರಕ್ಷಿತ ನಿರ್ವಹಣೆ ಮತ್ತು ಜೋಪಾನ." ಆಸೆಯಿಂದ ಓದಿದೆ. ಮೀಟರನ್ನು ಬೀಗ ಹಾಕಿದ ಕಪಾಟಿನಲ್ಲಿ ಇಡತಕ್ಕದ್ದು. ಕೀಲಿಕೈ ಇಬ್ಬರ ಬಳಿ ಮಾತ್ರ ಇರತಕ್ಕದ್ದು. ಹೊರಗೆ ಒಯ್ಯಲು ಲಿಖಿತ ಅನುಮತಿ ಪಡೆಯತಕ್ಕದ್ದು. ಕ್ರಮಸಂಖ್ಯೆಯ ಚೀಟಿ ಕೀಳತಕ್ಕದ್ದಲ್ಲ. ಎರಡು ಪುಟ ಹೀಗೆಯೇ. ಚಿನ್ನದ ಸರವನ್ನು ಜೋಪಾನ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಸುತ್ತೋಲೆ ಇನ್ನೊಂದು ಇರಲಾರದು. ಆದರೆ ಮೀಟರಿನೊಳಗಿನ ಗಾಜನ್ನು ಹೇಗೆ ಒರೆಸಬೇಕು, ಮಳೆಗಾಲದಲ್ಲಿ ಅದನ್ನು ಹೇಗೆ ಒಣಗಿಸಿಡಬೇಕು, ಅದು ಸತ್ಯ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ಎಂದು ಹೇಗೆ ತಿಳಿಯಬೇಕು ಎಂಬ ಒಂದೇ ಒಂದು ಸಾಲು ಅದರಲ್ಲಿಲ್ಲ. ಮೀಟರು ಕಳವಾಗಬಾರದು ಎಂಬ ಚಿಂತೆ ನಿಮಗಿದೆ. ಕಳವಾಗಿದ್ದರೆ ರೇಣುಕವ್ವ ಇವತ್ತು ಬದುಕಿರುತ್ತಿದ್ದಳು ಎಂಬ ಯೋಚನೆ ನಿಮಗೆ ಬಂದಿರಲಾರದು. ನನಗೆ ದಿನವೂ ಬರುತ್ತದೆ.

ನಾನು ಯಾರೆಂದು ಹೇಳಬೇಕಲ್ಲ. ಉಡುಪಿಯ ಒಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಅಟೆಂಡರಾಗಿದ್ದೆ. ನನ್ನ ಕೆಲಸ ಗಾಜು ತೊಳೆಯುವುದು. ಪಾಠ ಮಾಡಿದವಳಲ್ಲ, ಪದವಿ ಇಲ್ಲ. ಆದರೆ ಒಂದು ಗಾಜು ಸ್ವಚ್ಛವಾಗಿದೆಯೋ ಇಲ್ಲವೋ ಎಂಬುದನ್ನು ಬೆಳಕಿಗೆ ಹಿಡಿದು ಹೇಳಬಲ್ಲೆ. ನಿವೃತ್ತಿಯಾಗಿ ಕಾಪು ಕಡೆಯ ನನ್ನ ಊರಿಗೆ ಬಂದ ಮೇಲೆ, ಪಂಚಾಯತಿನವರು ನೀರು ಪರೀಕ್ಷೆಯ ಸ್ವಯಂಸೇವಕಿಯಾಗಿ ಎಂದು ಕೇಳಿದಾಗ ಸಂತೋಷದಿಂದಲೇ ಒಪ್ಪಿದೆ. ತರಬೇತಿ ಮಣಿಪಾಲದ ಒಂದು ಸಭಾಂಗಣದಲ್ಲಿ ಆಯಿತು. ಸ್ವಾಗತ, ದೀಪ ಬೆಳಗುವುದು, ಐದು ಭಾಷಣ, ಊಟ. ಊಟದ ನಂತರ ಉಳಿದ ಅರ್ಧ ಗಂಟೆಯಲ್ಲಿ ಮೀಟರಿನ ಹಳದಿ ಪೆಟ್ಟಿಗೆಯೊಂದನ್ನು ದೂರದಿಂದ ತೋರಿಸಿದರು. ನಮ್ಮಲ್ಲಿ ಯಾರೂ ಅದನ್ನು ಕೈಯಲ್ಲಿ ಹಿಡಿಯಲಿಲ್ಲ. ಫೋಟೋದಲ್ಲಿ ಮಾತ್ರ ಎಲ್ಲರೂ ಹಿಡಿದಿದ್ದೇವೆ.

ಆ ಮೀಟರಿನ ಕೆಲಸ ಸರಳ. ನಳ್ಳಿಯ ನೀರಿನಲ್ಲಿ ರೋಗಾಣು ಕೊಲ್ಲುವಷ್ಟು ಕ್ಲೋರಿನ್ ಉಳಿದಿದೆಯೇ ಎಂದು ಅದು ಹೇಳಬೇಕು. ಎರಡು ಪುಟ್ಟ ಗಾಜಿನ ಸೀಸೆಗಳಿರುತ್ತವೆ. ಒಂದರಲ್ಲಿ ಬರೀ ನೀರು ತುಂಬಿ ಮೀಟರಿನೊಳಗಿಟ್ಟು, ಇದು ಸೊನ್ನೆ ಎಂದು ಅದಕ್ಕೆ ತಿಳಿಸಬೇಕು. ಇನ್ನೊಂದರಲ್ಲಿ ಅದೇ ನೀರಿಗೆ ಒಂದು ಪೊಟ್ಟಣ ಪುಡಿ ಹಾಕಬೇಕು. ಕ್ಲೋರಿನ್ ಇದ್ದರೆ ನೀರು ಗುಲಾಬಿಯಾಗುತ್ತದೆ. ಮೀಟರು ಅದರ ಮೂಲಕ ಬೆಳಕು ಹಾಯಿಸಿ, ಎಷ್ಟು ಬೆಳಕು ದಾಟಲಿಲ್ಲ ಎಂದು ಲೆಕ್ಕ ಹಾಕಿ ಅಂಕಿ ಕೊಡುತ್ತದೆ. ಬೆಳಕನ್ನು ತಡೆದದ್ದು ಗುಲಾಬಿ ಬಣ್ಣವೋ, ಗಾಜಿನ ಮೇಲಿನ ಗೀರೋ, ಯಾರದೋ ಬೆರಳಿನ ಜಿಡ್ಡೋ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಅದನ್ನು ತಿಳಿಯಬೇಕಾದವರು ನಾವು.

ಆಗಸ್ಟ್ ಇಪ್ಪತ್ತರಂದು ಬೆಳಿಗ್ಗೆ ನಿಮ್ಮ ಸಹಾಯಕ ಇಂಜಿನಿಯರರು ಜೀಪಿನಲ್ಲಿ ಬಂದರು. ಮೀಟರು ಎರಡು ತಿಂಗಳಿಂದ ಅವರ ಜೀಪಿನಲ್ಲೇ ಇತ್ತು. ತಪಾಸಣೆಗೆ ಅನುಕೂಲವಾಗಲಿ ಎಂದು ಒಯ್ದಿದ್ದರಂತೆ. ಕೆಂಪುಕಲ್ಲು ತೆಗೆಯುವ ಕೋರೆಯ ಪಕ್ಕದಲ್ಲಿ ಕಟ್ಟಡ ಕೆಲಸದವರ ಸಾಲುಮನೆಗಳಿವೆ. ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದ ಹದಿನೆಂಟು ಸಂಸಾರಗಳಿಗೆ ಅಲ್ಲಿ ಒಂದೇ ನಳ್ಳಿ. ಇಂಜಿನಿಯರರು ಡ್ಯಾಶ್‌ಬೋರ್ಡಿನಿಂದ ಪೆಟ್ಟಿಗೆ ತೆಗೆದರು. ಒಳಗಿನ ಒಂದು ಸೀಸೆ ಹೊಸದು, ಹಿಂದಿನದು ಒಡೆದದ್ದಕ್ಕೆ ತಂದದ್ದು. ಇನ್ನೊಂದು ಹಳೆಯದು. ಅದು ಪೆಟ್ಟಿಗೆಯ ಹೊರಗೆ, ಸ್ಕ್ರೂಡ್ರೈವರ್ ಮತ್ತು ಬೀಗದ ಗೊಂಚಲಿನ ಜೊತೆ ಉರುಳಾಡುತ್ತಿತ್ತು. ಅದರ ಮೈ ಮಬ್ಬಾಗಿರುವುದು ನನಗೆ ಮೊದಲ ನೋಟಕ್ಕೇ ಕಂಡಿತು. ಸೆರಗಿನ ತುದಿಯಿಂದ ಒರೆಸಲು ಕೈ ಚಾಚಿದೆ.

"ಮುಟ್ಟಬೇಡಿ ವನಜಕ್ಕ," ಎಂದರು ಅವರು. "ಅದರ ನಂಬರು ನನ್ನ ಹೆಸರಲ್ಲಿ ಉಂಟು. ಒಡೆದ್ರೆ ನಾನು ಉತ್ತರ ಕೊಡ್ಬೇಕು."

ಕೈ ಹಿಂದೆ ತೆಗೆದುಕೊಂಡೆ. ಅವರೇ ಹೊಸ ಸೀಸೆಯ ಬರೀ ನೀರಿನಿಂದ ಸೊನ್ನೆ ಮಾಡಿ, ಹಳೆಯದಕ್ಕೆ ನೀರು ತುಂಬಿದರು, ಪುಡಿ ಹಾಕಿದರು, ಅಲ್ಲಾಡಿಸಿದರು. ನಾನು ಸೀಸೆಯನ್ನೇ ನೋಡುತ್ತಿದ್ದೆ. ನೀರು ಗುಲಾಬಿಯಾಗಲಿಲ್ಲ. ತೆಳುವಾಗಿಯೂ ಬಣ್ಣ ಬರಲಿಲ್ಲ. ಹೇಗಿತ್ತೋ ಹಾಗೇ ಉಳಿಯಿತು. ಮೀಟರಿನಲ್ಲಿ ಇಟ್ಟಾಗ ಅದು ಕುಂಯ್ ಎಂದು 0.36 ತೋರಿಸಿತು. 0.2 ಇದ್ದರೆ ಸಾಕು. ಅವರ ಮುಖ ಅರಳಿತು.

"ಸರ್, ಬಣ್ಣ ಬರಲಿಲ್ಲ," ಎಂದೆ.

"ಮೀಟರಲ್ಲಿ ಎಂತ ಉಂಟು, ಅದನ್ನು ಬರೀರಿ. ನಿಮ್ಮ ಕಣ್ಣನ್ನು ಲ್ಯಾಬಿಗೆ ಕಳಿಸ್ಲಿಕ್ಕೆ ಆಗ್ತದಾ? ಇದಕ್ಕೆ ಸರ್ಟಿಫಿಕೇಟ್ ಉಂಟು ಮಾರಾಯ್ರೆ."

ಬರೆದೆ. ಸಹಿ ಹಾಕಿದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ ಎಂಬುದನ್ನು ನೀವು ದಯವಿಟ್ಟು ಗುರುತು ಹಾಕಿಕೊಳ್ಳಿ. ಆಗ ನಳ್ಳಿಯ ಹತ್ತಿರ ಕೊಡ ತುಂಬಲು ನಿಂತಿದ್ದವಳು ರೇಣುಕವ್ವ. ಗಂಡ ಮಲಕಪ್ಪ ಗಾರೆ ಕೆಲಸದವನು. ಅವಳು ಕಾಂಕ್ರೀಟು ಹೊರುತ್ತಿದ್ದಳು. ಐದು ತಿಂಗಳಾದ್ದರಿಂದ ಕೆಲಸ ಬಿಟ್ಟಿದ್ದಳು. ಜೀಪು ಹೋದ ಮೇಲೆ ನನ್ನನ್ನು ಕೇಳಿದಳು:

"ನೀರು ಚಲೋ ಅದಾವೇನ್ರಿ ಅಕ್ಕಾರ? ದವಾಖಾನ್ಯಾಗ ಕಾಸಿ ಆರಿಸಿ ಕುಡಿ ಅಂದಾರ್ರಿ. ಈ ಮಳ್ಯಾಗ ಒಂದ್ ಕಟಗಿನೂ ಒಣಗವಲ್ದು. ಹೊಗಿ ಕುಡುದು ಕುಡುದು ಎದಿ ಉರೀತೈತಿ. ಇನ್ನ ಕಾಸೂದು ಬ್ಯಾಡೇನ್ರಿ?"

"ಚೆನ್ನಾಗಿ ಉಂಟು," ಎಂದೆ ನಾನು. "ಈಗಷ್ಟೇ ಮೀಟರಲ್ಲಿ ನೋಡಿದ್ದು. ಬೇಡ."

ಮಾನ್ಯರೇ, ನಿಮ್ಮ ವರದಿಯಲ್ಲಿ ಇಲ್ಲದ ಸಂಭಾಷಣೆ ಇದು. ಅವಳು ನಕ್ಕು ಕೊಡ ಎತ್ತಿಕೊಂಡು ಹೋದಳು. ನನ್ನ ಮಾತಿನಿಂದ ಅವಳಿಗೆ ಆದ ಉಪಕಾರವೆಂದರೆ ಹೊಗೆ ತಪ್ಪಿದ್ದು.

ಒಂದು ವಾರದ ನಂತರ ನಮ್ಮ ಕಡೆ ನೀರು ಬಿಡುವ ಸ್ಟ್ಯಾನಿಸ್ಲಾಸ್ ದಾರಿಯಲ್ಲಿ ಸಿಕ್ಕಿದರು. ಕಲ್ಯಾಣಪುರದವರು, ಹದಿನೈದು ವರ್ಷದಿಂದ ಇಲ್ಲಿನ ಪಂಪು ನೋಡಿಕೊಳ್ಳುವವರು. ನೀರಿಗೆ ಕ್ಲೋರಿನ್ ಕೊಡುವ ಬ್ಲೀಚಿಂಗ್ ಪುಡಿ ಮುಗಿದು ಹದಿನೆಂಟು ದಿನವಾಯಿತು, ಕಚೇರಿಗೆ ಹೇಳಿ ಹೇಳಿ ಸಾಕಾಯಿತು ಎಂದರು. ನಾನು ದಾರಿಯಲ್ಲೇ ನಿಂತುಬಿಟ್ಟೆ.

"ಮತ್ತೆ ಮೀಟರಲ್ಲಿ ಬಂದದ್ದು ಎಂತ?"

"ಅದೇ ನನಗೂ ಆಶ್ಚರ್ಯ ವನಜಕ್ಕ. ಹಾಕದ್ದು ಬರುವುದು ಹೇಗೆ?"

ನೇರವಾಗಿ ಪಂಚಾಯತಿಗೆ ಹೋದೆ, ಇನ್ನೊಮ್ಮೆ ಪರೀಕ್ಷೆ ಮಾಡಬೇಕು ಎಂದೆ. ಮೀಟರು ಈಗ ಕಪಾಟಿನಲ್ಲಿದೆ, ಕೀಲಿಕೈ ಇರುವವರು ರಜೆಯಲ್ಲಿದ್ದಾರೆ, ಸೋಮವಾರ ಬನ್ನಿ ಎಂದರು. ಸೋಮವಾರ ನಮ್ಮ ಮನೆಯಲ್ಲಿ ಶ್ರಾದ್ಧವಿತ್ತು. ಮಂಗಳವಾರ ಜೋರು ಮಳೆ. ಆಮೇಲೆ ಹೋಗಲಿಲ್ಲ. ಸಾಲುಮನೆಗೆ ಹೋಗಿ ನೀರು ಕಾಸಿ ಕುಡಿಯಿರಿ ಎನ್ನಲು ಮೀಟರಿನ ಅಗತ್ಯವೇ ಇರಲಿಲ್ಲ. ಹತ್ತು ನಿಮಿಷದ ದಾರಿ. ಆದರೆ ಹಾಗೆ ಹೇಳಿದರೆ ನನ್ನ ಸಹಿಯನ್ನು ನಾನೇ ಸುಳ್ಳು ಮಾಡಿದ ಹಾಗಾಗುತ್ತಿತ್ತು. ಅದಕ್ಕೆ ನಾಚಿಕೆಪಟ್ಟೆ ಎಂದೇ ಈಗ ಅನ್ನಿಸುತ್ತದೆ.

ಸೆಪ್ಟೆಂಬರ್ ಕೊನೆಗೆ ಸಾಲುಮನೆಗಳಲ್ಲಿ ಜ್ವರ, ವಾಂತಿ ಶುರುವಾಯಿತು. ಹದಿನಾಲ್ಕು ಜನರ ಕಣ್ಣು ಹಳದಿಯಾಯಿತು. ಹದಿಮೂರು ಜನ ಚೇತರಿಸಿಕೊಂಡರು. ಉಳಿದವಳು ರೇಣುಕವ್ವ. ಗರ್ಭಿಣಿಯರಿಗೆ ಈ ಬಗೆಯ ಕಾಮಾಲೆ ಬಂದರೆ ತಡೆಯುವುದು ಕಷ್ಟ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಅವರು ಮಾಡುವುದನ್ನೆಲ್ಲ ಮಾಡಿದರು. ನಾನು ಎರಡು ಸಲ ನೋಡಲು ಹೋಗಿದ್ದೆ. ಮೊದಲ ಸಲ ಅವಳಿಗೆ ಗುರುತು ಸಿಕ್ಕಿತು. "ಅಕ್ಕಾರ, ನೀವ್ಯಾಕ್ ಬರಾಕ್ ಹೋದ್ರಿ, ಮಳಿ ಐತಿ," ಎಂದಳು. ಎರಡನೇ ಸಲ ಗುರುತು ಸಿಗಲಿಲ್ಲ. ಅಕ್ಟೋಬರ್ ಒಂಬತ್ತರಂದು ಮಗು ಹೊಟ್ಟೆಯಲ್ಲೇ ಹೋಯಿತು, ಮರುದಿನ ಅವಳು. ಆಮೇಲೆ ಅಗೆದು ನೋಡಿದಾಗ, ಹತ್ತಿರದ ಹೊಸ ವಸತಿ ಸಮುಚ್ಚಯದ ಶೌಚಗುಂಡಿಯ ನೀರು ಸಾಲುಮನೆಯ ನಳ್ಳಿಗೆ ಬರುವ ಒಡೆದ ಪೈಪಿನೊಳಗೆ ಇಳಿಯುತ್ತಿದ್ದದ್ದು ಕಂಡಿತು. ಆ ಸಮುಚ್ಚಯಕ್ಕೆ ಕಾಂಕ್ರೀಟು ಹೊತ್ತವರಲ್ಲಿ ರೇಣುಕವ್ವನೂ ಒಬ್ಬಳು. ಪೈಪನ್ನು ನೀವೇ ದುರಸ್ತಿ ಮಾಡಿಸಿದಿರಿ. ದುರಸ್ತಿಯ ಫೋಟೋ ಪತ್ರಿಕೆಯಲ್ಲಿ ಬಂತು. ವರದಿಯಲ್ಲಿ ಮಾತ್ರ ಆ ಪೈಪಿನ ಮಾತಿಲ್ಲ. ಯಾಕಿಲ್ಲ? ನೀರಿನಲ್ಲಿ 0.36 ಇತ್ತು, ಆದ್ದರಿಂದ ಪೈಪು ಒಡೆದಿದ್ದರೂ ಒಡೆದಿರಲಿಲ್ಲ ಎಂದು ಅರ್ಥವೇ?

ಜನವರಿಯಲ್ಲಿ ಆ ವರದಿಯ ಪುಟಗಳನ್ನು ಪಂಚಾಯತಿನ ಸೂಚನಾ ಫಲಕಕ್ಕೆ ಅಂಟಿಸಿದರು. ಮಲಕಪ್ಪನಿಗೆ ಓದಲು ಬರುವುದಿಲ್ಲ. ಮೂರನೇ ಕ್ಲಾಸಿನ ಮಗಳು ಮಹಾಲಕ್ಷ್ಮಿ ಅಕ್ಷರ ಕೂಡಿಸಿ ಕೂಡಿಸಿ ಓದಿ ಹೇಳಿದಳು. "ಅಶುಚಿತ್ವ" ಎಂಬಲ್ಲಿಗೆ ಬಂದಾಗ ಅದರ ಅರ್ಥ ಅವಳಿಗೂ ಗೊತ್ತಾಗಲಿಲ್ಲ. ಅಲ್ಲಿದ್ದ ಯಾರೋ ಹೇಳಿದರು. ಆವತ್ತು ಮಧ್ಯಾಹ್ನ ಅವನು ಮಗಳ ಕೈ ಹಿಡಿದುಕೊಂಡು ನನ್ನ ಮನೆಗೆ ಬಂದ. ಜಗಳಕ್ಕೆ ಬಂದಿರಬಹುದು ಎಂದುಕೊಂಡೆ. ಬಂದಿದ್ದರೆ ಚೆನ್ನಾಗಿತ್ತು.

"ನನ್ನ ಹೇಂತಿ ಹೊಲಸಾಕಿ ಅಲ್ರಿ," ಎಂದ. "ದಿನಾ ಎರಡ್ ಹೊತ್ತು ಕೊಡಾ ತಿಕ್ಕಾಕಿ. ನೀವೂ ನೋಡೀರಿ."

"ನೋಡಿದ್ದೇನೆ," ಎಂದೆ.

"ಮತ್ತ ಆವತ್ತು ಮಿಷನ್ ಏನ್ ತೋರಿಸ್ತು?"

ಹೇಳಿದೆ.

"ನಿಮ್ಮ ಕಣ್ಣಿಗೆ ಏನ್ ಕಂಡಿತ್ರಿ?"

ಇಷ್ಟು ತಿಂಗಳಲ್ಲಿ ನಿಮ್ಮ ಕಚೇರಿಯಿಂದ, ವಿಚಾರಣೆಗೆ ಬಂದ ಮೂವರು ಅಧಿಕಾರಿಗಳಿಂದ, ಪತ್ರಿಕೆಯವರಿಂದ, ಯಾರಿಂದಲೂ ಬಾರದ ಪ್ರಶ್ನೆ ಅದು. ಅಕ್ಷರ ಬಾರದ ಗಾರೆ ಕೆಲಸದವನು ಕೇಳಿದ. ಏನೂ ಬಣ್ಣ ಕಾಣಲಿಲ್ಲ ಎಂದೆ. ಅವನು ತಲೆಯಾಡಿಸಿದ. ಹುಡುಗಿ ಅಪ್ಪನ ಮುಖವನ್ನೂ ನನ್ನ ಮುಖವನ್ನೂ ನೋಡುತ್ತಿದ್ದಳು. ಅವನು ಹೇಳಿದ: "ನನಗ ಹೇಳಿದ್ರ ನಾ ಏನ್ ಮಾಡ್ಲಿ ಅಕ್ಕಾರ. ಬರದು ಕೊಡ್ರಿ."

ಬರೆಯುವ ಮೊದಲು ಖಚಿತ ಮಾಡಿಕೊಳ್ಳಬೇಕಿತ್ತು. ಮರುದಿನ ಕೀಲಿಕೈ ಇರುವವರು ಚಾ ಕುಡಿಯಲು ಹೋದಾಗ ತೆರೆದೇ ಇದ್ದ ಕಪಾಟಿನಿಂದ ಮೀಟರನ್ನು ಎತ್ತಿ ನನ್ನ ಚೀಲದಲ್ಲಿ ಹಾಕಿಕೊಂಡೆ. ಲಿಖಿತ ಅನುಮತಿ ಪಡೆಯಲಿಲ್ಲ. ಇದೂ ನಿಮ್ಮ ಕಡತಕ್ಕೆ ಸೇರಲಿ. ಬಸ್ಸು ಬದಲಿಸಿ, ಕಾರ್ಕಳ ದಾಟಿ ಬಜಗೋಳಿಗೆ ಹೋದೆ. ಅಲ್ಲಿ ಜೆರ್ಟ್ರೂಡ್ ಎಂಬವರು ನನ್ನ ಹಾಗೆಯೇ ಸ್ವಯಂಸೇವಕಿ. ತರಬೇತಿಯ ದಿನ ನನ್ನ ಪಕ್ಕದಲ್ಲಿ ಕುಳಿತಿದ್ದವರು, ಬಟ್ಟೆ ಹೊಲಿಯುವವರು. ಅವರ ಪಂಚಾಯತಿನವರಿಗೆ ಮೀಟರಿನ ಮೇಲೆ ಯಾವ ಆಸಕ್ತಿಯೂ ಇರಲಿಲ್ಲವಾದ್ದರಿಂದ ಅದು ಅದೃಷ್ಟವಶಾತ್ ಅವರ ಮನೆಯಲ್ಲೇ ಉಳಿದಿತ್ತು. ಸೀಸೆಗಳನ್ನು ಬೇರೆ ಬೇರೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮಳೆಗಾಲದಲ್ಲಿ ಬ್ಯಾಟರಿ ತೆಗೆದು, ಪೆಟ್ಟಿಗೆಯನ್ನು ಒಣ ಡಬ್ಬಿಯಲ್ಲಿ ಇಟ್ಟಿದ್ದರು.

"ನನ್ನ ಹೊಲಿಗೆ ಮಿಷನಿನ ಹಾಗೆಯೇ ಅಲ್ವಾ ಇದೂ," ಎಂದರು.

ಅವರ ಬಾವಿಯ ನೀರನ್ನು ತಂದೆವು. ಅದಕ್ಕೆ ಯಾರೂ ಯಾವತ್ತೂ ಬ್ಲೀಚಿಂಗ್ ಹಾಕಿದ್ದಿಲ್ಲ. ಪುಡಿಯನ್ನೂ ಹಾಕದೆ, ಎರಡು ಸೀಸೆಗಳಿಗೂ ಬರೀ ನೀರು ತುಂಬಿ, ಒಂದರಿಂದ ಸೊನ್ನೆ ಮಾಡಿ ಇನ್ನೊಂದನ್ನು ನೋಡಿದೆವು. ಅವರ ಮೀಟರು 0.00 ಎಂದಿತು. ನಮ್ಮದು 0.34 ಎಂದಿತು. ಇನ್ನೊಮ್ಮೆ ಮಾಡಿದೆವು, 0.37. ಮಗದೊಮ್ಮೆ, 0.35. ಜೆರ್ಟ್ರೂಡ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ನಾನು ನಮ್ಮ ಹಳೆಯ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮೈತುಂಬ ಜೇಡರ ಬಲೆಯಂತೆ ಗೀರುಗಳು. ಮೀಟರಿನ ಗೂಡಿನೊಳಗೆ ಇಣುಕಿದರೆ, ಬೆಳಕು ಹಾಯುವ ಕಣ್ಣಿನ ಮೇಲೆ ಬೂಷ್ಟಿನ ಬಿಳಿ ಎಳೆಗಳು. ಯಾರೋ ಒದ್ದೆ ಸೀಸೆಯನ್ನು ಹಾಗೇ ಒಳಗಿಟ್ಟು ಮುಚ್ಚಿದ್ದರು.

ಇಷ್ಟೇ. ಒಬ್ಬ ಹೆಂಗಸಿನ ಮತ್ತು ಹುಟ್ಟದ ಒಂದು ಮಗುವಿನ ಸಾವು ಬದುಕಿನ ಮಧ್ಯೆ ಇದ್ದದ್ದು ಒಂದು ಮೆತ್ತನೆಯ ಬಟ್ಟೆಯ ತುಂಡು. ಸೀಸೆಯನ್ನು ಮುಚ್ಚಳದ ಹತ್ತಿರ ಹಿಡಿಯಬೇಕು, ಮೈ ಮುಟ್ಟಬಾರದು. ಪರೀಕ್ಷಿಸುವ ನೀರಿನಿಂದಲೇ ಮೂರು ಸಲ ತೊಳೆದು, ಹೊರಮೈಯನ್ನು ಒಣಗಿಸಿಯೇ ಒಳಗಿಡಬೇಕು. ಬಿಸಿಲಿಗೆ ಕಾದ ಜೀಪಿನಲ್ಲಿ ಇಡಬಾರದು. ಗೀರು ಬಿದ್ದ ಸೀಸೆಯನ್ನು ಎಸೆಯಬೇಕು. ಇನ್ನು, ವಾರಕ್ಕೊಮ್ಮೆ ಬರೀ ನೀರಿನಲ್ಲಿ ಸೊನ್ನೆ ತೋರಿಸುತ್ತದೆಯೇ ಎಂದು ನೋಡುವುದು ಒಂದು ನಿಮಿಷದ ಕೆಲಸ. ಇದನ್ನೆಲ್ಲ ನಾನು ಕಾಲೇಜಿನಲ್ಲಿ ಹದಿನೇಳು ವರ್ಷದ ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಐದು ಭಾಷಣಗಳಲ್ಲಿ ಒಂದನ್ನು ಕಡಿಮೆ ಮಾಡಿದ್ದರೆ ಆ ಸಭಾಂಗಣದಲ್ಲಿಯೂ ಹೇಳಿಕೊಡಬಹುದಿತ್ತು. ನೀವು ಮೀಟರಿಗೆ ಬೀಗ ಹಾಕಿ ಅದನ್ನು ನಮ್ಮಿಂದ ಕಾಪಾಡಿದಿರಿ. ನಮ್ಮನ್ನು ಅದರಿಂದ ಕಾಪಾಡುವವರು ಯಾರು?

ನನ್ನ ಅವಸ್ಥೆಯನ್ನೂ ಹೇಳಿಬಿಡುತ್ತೇನೆ. ಅದರಿಂದ ನಿಮಗೆ ಏನೂ ಆಗಬೇಕಾಗಿಲ್ಲ. ಮೊನ್ನೆ ಇನ್ನಂಜೆಯಲ್ಲಿ ಒಂದು ಮದುವೆಯ ಊಟಕ್ಕೆ ಕುಳಿತಿದ್ದೆ. ಬಡಿಸುವವರು ಲೋಟಕ್ಕೆ ನೀರು ಹಾಕಿದರು. ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ಕುಳಿತದ್ದು ನನಗೇ ಗೊತ್ತಿರಲಿಲ್ಲ. ಪಕ್ಕದವರು, "ಎಂತ ವನಜಕ್ಕ, ಹುಳ ಉಂಟಾ?" ಎಂದು ನಕ್ಕರು. ಏನೂ ಇಲ್ಲ ಎಂದೆ. ನಿಜವಾಗಿಯೂ ಏನೂ ಇರಲಿಲ್ಲ. ಅದೇ ನನ್ನ ಹೆದರಿಕೆ. ಆವತ್ತಿನ ಸೀಸೆಯಲ್ಲೂ ಏನೂ ಇರಲಿಲ್ಲ. ಅಷ್ಟು ಸ್ವಚ್ಛವಾಗಿ ಕಾಣುವ ನೀರನ್ನು ನಾನು ಈಗ ಕುಡಿಯಲಾರೆ. ಪೇಟೆಯ ಅಂಗಡಿಗಳಲ್ಲಿ ಯಾವುದೋ ಯಂತ್ರ ಕುಂಯ್ ಎಂದರೆ ನನ್ನ ಬೆರಳು ಪೆನ್ನು ಹುಡುಕುತ್ತದೆ. ಮಳೆ ಬಂದ ದಿನ ಯಾರ ಮನೆಯಿಂದಲಾದರೂ ಹಸಿ ಸೌದೆಯ ಹೊಗೆ ಎದ್ದರೆ, ಅಲ್ಲಿ ಯಾರೋ ನೀರು ಕಾಸುತ್ತಿದ್ದಾರೆ, ನಾನು ಬೇಡ ಎನ್ನದೆ ಸುಮ್ಮನೆ ಮುಂದೆ ಹೋಗಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಸತ್ತವರು ಕಾಡುತ್ತಾರೆ ಎನ್ನುತ್ತಾರೆ. ರೇಣುಕವ್ವ ಕಾಡುವುದಿಲ್ಲ. ಅವಳು ನಕ್ಕು ಕೊಡ ಎತ್ತಿಕೊಂಡು ಹೋಗುತ್ತಾಳೆ, ಪ್ರತಿದಿನ. ನಾನು ಕರೆಯಬೇಕು ಎಂದುಕೊಳ್ಳುತ್ತೇನೆ.

ಮಲಕಪ್ಪ ಕಳೆದ ವಾರ ಮಗಳನ್ನು ಕರೆದುಕೊಂಡು ತನ್ನ ಊರಿಗೆ ಹೋದ. ಹೋಗುವ ಮೊದಲು ಬಜಗೋಳಿಯ ಅಂಕಿಗಳನ್ನು ಅವನಿಗೆ ಹೇಳಿದೆ. ಕ್ಷಮಿಸು ಎಂದೂ ಕೇಳಿದೆ. ಅವನು ಬಸ್ಸಿಗೆಂದು ತುಂಬಿಸಿಕೊಂಡಿದ್ದ ನೀರಿನ ಬಾಟಲಿಯನ್ನು ನನ್ನ ಮುಂದೆ ಹಿಡಿದು, "ಇದನ್ನ ಹುಡುಗಿಗೆ ಕುಡಿಸಬಹುದೇನ್ರಿ?" ಎಂದ. ಇಷ್ಟೆಲ್ಲ ಆದ ಮೇಲೂ ಕೇಳಲು ಅವನಿಗೆ ಇದ್ದದ್ದು ನಾನೊಬ್ಬಳೇ. ನಾನು ಬಾಟಲಿ ತೆಗೆದುಕೊಂಡು ಒಳಗೆ ಹೋಗಿ, ಆ ನೀರನ್ನು ಚೆಲ್ಲಿ, ಕುದಿಸಿ ಆರಿಸಿದ ನೀರು ತುಂಬಿಸಿ ಕೊಟ್ಟೆ.

ಈಗ ನನ್ನ ಬೇಡಿಕೆ. ವರದಿಯ ನಾಲ್ಕನೇ ಪುಟದ ಆ ಸಾಲನ್ನು ಹೊಡೆದುಹಾಕಿ, ಮೀಟರು ಕೆಟ್ಟಿತ್ತು, ನೀರು ಕೆಟ್ಟಿತ್ತು, ಪೈಪು ಒಡೆದಿತ್ತು, ರೇಣುಕವ್ವನ ಮನೆ ಸ್ವಚ್ಛವಾಗಿತ್ತು ಎಂದು ಬರೆಯಬೇಕು. ಮಹಾಲಕ್ಷ್ಮಿ ಓದಿದ ಅದೇ ಫಲಕದಲ್ಲಿ ಅದನ್ನು ಅಂಟಿಸಿ, ಒಂದು ಪ್ರತಿಯನ್ನು ಮಲಕಪ್ಪನ ಊರಿಗೆ ಕಳಿಸಬೇಕು. ಸುತ್ತೋಲೆಯನ್ನು ಹಿಂತೆಗೆದುಕೊಂಡು, ಮೀಟರುಗಳನ್ನು ಪರೀಕ್ಷೆ ಮಾಡುವವರ ಕೈಗೆ ಕೊಟ್ಟು, ಅವುಗಳ ಆರೈಕೆಯನ್ನು ಕನ್ನಡದಲ್ಲಿ, ಕೈಯಲ್ಲಿ ಹಿಡಿಸಿ ಕಲಿಸಬೇಕು. ಹಾಗೆಯೇ ರಿಜಿಸ್ಟರಿನಲ್ಲಿ ಅಂಕಿಯ ಪಕ್ಕ "ಕಣ್ಣಿಗೆ ಕಂಡದ್ದು" ಎಂಬ ಒಂದು ಅಂಕಣ ಬೇಕು. ಎರಡೂ ಹೊಂದದಿದ್ದರೆ ನಳ್ಳಿಯನ್ನು ಬಂದ್ ಮಾಡುವ ಅಧಿಕಾರ ಪರೀಕ್ಷೆ ಮಾಡಿದವಳಿಗೇ ಇರಬೇಕು. ಕೊನೆಯದಾಗಿ, ತಪ್ಪು ಮಾಡಿದವರ ಪಟ್ಟಿಯನ್ನು ನೀವು ಎಂದಾದರೂ ತಯಾರಿಸಿದರೆ ಅದರಲ್ಲಿ ನನ್ನ ಹೆಸರನ್ನು ಬಿಡಬೇಡಿ. ವಯಸ್ಸು ನೋಡಿ, ಸ್ವಯಂಸೇವಕಿ ಎಂದು ನೋಡಿ ಕರುಣೆ ತೋರಿಸಬೇಡಿ. ಎಲ್ಲರ ಹೆಸರಿನ ಜೊತೆ ಬರೆಯಿರಿ, ನಿಮ್ಮದರ ಕೆಳಗಾದರೂ ಸರಿ.

ಮೀಟರು ನನ್ನ ಬಳಿ ಇದೆ. ಒರೆಸಿ, ಒಣಗಿಸಿ ಇಟ್ಟಿದ್ದೇನೆ. ಗೀರು ಬಿದ್ದ ಸೀಸೆಯನ್ನು ಮಾತ್ರ ಬೇರೆ ಇಟ್ಟಿದ್ದೇನೆ, ಅದು ಸಾಕ್ಷಿ. ನೀವು ಪೊಲೀಸರನ್ನು ಕಳಿಸಿದರೂ ಕೊಡುತ್ತೇನೆ, ನೀವೇ ಬಂದರೂ ಕೊಡುತ್ತೇನೆ. ನೀವೇ ಬರುವುದಾದರೆ ಸಾಲುಮನೆಯ ನಳ್ಳಿಯ ಹತ್ತಿರ ಬನ್ನಿ. ಬೆಳಿಗ್ಗೆ ಏಳಕ್ಕೆ ಹೆಂಗಸರು ಕೊಡ ಹಿಡಿದು ನಿಂತಿರುತ್ತಾರೆ. ಕುಡಿಯಬಹುದೇ ಎಂದು ಅವರು ಕೇಳುತ್ತಾರೆ. ಒಂದು ದಿನದ ಮಟ್ಟಿಗೆ ನೀವು ಉತ್ತರ ಹೇಳಿ.

ಇಂತಿ, ಕ್ಷಮೆಗೆ ಅರ್ಜಿ ಹಾಕಲು ಯಾವ ಕಚೇರಿಯೂ ಸಿಗದ
ವನಜಾಕ್ಷಿ
ನಿವೃತ್ತ ಗಾಜು ತೊಳೆಯುವವಳು, ಕಾಪು ತಾಲ್ಲೂಕು